ಕೃಷ್ಣೆಯ ದಡಕ್ಕೆ ಬಂದ ಕೊರಿಯದ ಅಲೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಪಾಲಕರು, ಹಳೆಯ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಶತಮಾನೋತ್ಸವದಲ್ಲಿ ಸಹಜವಾಗಿ ಹಿಂದಿನ ಮಾತು ಹೆಚ್ಚು. ಶಾಲೆಯನ್ನು ಕಟ್ಟಿದವರ ಶ್ರಮವನ್ನು, ನಮಗೆ ಅಕ್ಷರ ತಿದ್ದಿಸಿದ ಗುರುಗಳ ಋಣವನ್ನು ಬಲ್ಲವರು ಈಗಾಗಲೇ ಸ್ಮರಿಸಿದ್ದಾರೆ. ನಾವು ಇಂದು ಎತ್ತಿಕೊಂಡಿರುವುದು ಸದ್ಯದ ಒಂದು ಸಂಗತಿ. ನಮ್ಮ ಮಕ್ಕಳು, ಅದರಲ್ಲೂ ಏಳನೆಯ ತರಗತಿಯಿಂದ ಮೇಲಿನವರು, ಕೊರಿಯ ದೇಶದ ಹಾಡುಗಳಿಗೂ ಧಾರಾವಾಹಿಗಳಿಗೂ ಮನಸೋತಿದ್ದಾರೆ. ಸಾಂಗಲಿಯ ಅಂಗಡಿಗಳಲ್ಲಿ ಆ ಗಾಯಕರ ಚಿತ್ರವಿರುವ ವಹಿಗಳು, ಕೀಲಿಗೊಂಚಲುಗಳು ಸಿಗುತ್ತವೆ. ಮಿರಜದಿಂದ ಹಳ್ಳಿಗೆ ಹೊರಟ ಎಸ್.ಟಿ. ಗಾಡಿಯಲ್ಲಿ ಕುಳಿತ ಹುಡುಗಿಯರು ತಮಗೆ ಅರ್ಥವೇ ಆಗದ ಭಾಷೆಯ ಹಾಡನ್ನು ತಪ್ಪಿಲ್ಲದೆ ಗುನುಗುತ್ತಾರೆ. ಪಾಲಕರು ಕೇಳುವ ಪ್ರಶ್ನೆಯೂ ನಮಗೆ ಗೊತ್ತು: ಏಳು ಜನ ಕೊರಿಯದ ಹುಡುಗರ ಹೆಸರು ಬಾಯಿಪಾಠವಿರುವ ಮಗುವಿಗೆ ಕನ್ನಡದ ಒತ್ತಕ್ಷರ ಬರೆಯಲು ಯಾಕೆ ಬೇಸರ? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ, ನೌಕರಿಗೆ ಇಂಗ್ಲಿಷು. ಇವುಗಳ ನಡುವೆ ಈ ಐದನೆಯ ಭಾಷೆ ಬಂದು ಕುಳಿತರೆ ಕನ್ನಡಕ್ಕೆ ಉಳಿಯುವ ಜಾಗವೆಷ್ಟು?

ಈ ಭಯವನ್ನು ನಾವು ಹಗುರಾಗಿ ಕಾಣುವುದಿಲ್ಲ. ಗಡಿನಾಡಿನಲ್ಲಿ ಕನ್ನಡ ಶಾಲೆಯೊಂದು ನೂರು ವರ್ಷ ಬಾಳಿದೆಯೆಂದರೆ, ಪ್ರತಿ ಜೂನ್ ತಿಂಗಳಲ್ಲಿ ಯಾವುದೋ ತಂದೆತಾಯಿ ತಮ್ಮ ಮಗುವನ್ನು ಇಲ್ಲಿಗೇ ಕಳಿಸೋಣವೆಂದು ನಿರ್ಧರಿಸಿದ್ದರಿಂದ ಬಾಳಿದೆ. ಆ ನಿರ್ಧಾರ ಈಗ ಮೊದಲಿಗಿಂತ ಕಠಿಣವಾಗಿದೆ. ಆದರೆ ಕೊರಿಯದ ಅಲೆಯನ್ನು ಹತ್ತಿರದಿಂದ ನೋಡಿದರೆ ಅದು ಕನ್ನಡ ಶಾಲೆಯ ವಿರುದ್ಧ ಸಾಕ್ಷಿ ಹೇಳುವುದಿಲ್ಲ. ಅದು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ವಿವರಿಸಲು ತಮ್ಮ ಸಮಯ ಬೇಡುತ್ತೇವೆ.

ಮೊದಲು ಈ ಅಲೆಯ ಪರಿಚಯ. 1990ರ ದಶಕದ ಕೊನೆಯಲ್ಲಿ ಕೊರಿಯದ ಹಾಡು-ಧಾರಾವಾಹಿಗಳು ಚೀನಾದಲ್ಲಿ ಜನಪ್ರಿಯವಾದಾಗ ಅಲ್ಲಿನ ಪತ್ರಿಕೆಗಳು ಅದನ್ನು ಕೊರಿಯದ ಅಲೆ ಎಂದು ಕರೆದವು. ಕೊರಿಯನ್ನರ ಬಾಯಲ್ಲಿ ಅದೇ ‘ಹಲ್ಯು’ ಆಯಿತು. ಇಂದಿನ ಬಗೆಯ ಹಾಡಿಗೆ 1992ರಲ್ಲಿ ಸಿಯೊ ತೈಜಿ ಎಂಬ ಗಾಯಕನ ತಂಡ ದಾರಿ ಹಾಕಿತು. 1995ರಲ್ಲಿ ಲೀ ಸೂ-ಮಾನ್ ಎಂಬವರು ಎಸ್.ಎಂ. ಎಂಟರ್‌ಟೈನ್‌ಮೆಂಟ್ ಸ್ಥಾಪಿಸಿ, ಹದಿಹರೆಯದವರನ್ನು ಆರಿಸಿ ಹಾಡು, ಕುಣಿತ, ಭಾಷೆ ಕಲಿಸಿ ತಂಡ ಕಟ್ಟುವ ಪದ್ಧತಿಯನ್ನು ಬೆಳೆಸಿದರು. 2012ರಲ್ಲಿ ಸೈ ಎಂಬ ಗಾಯಕನ ‘ಗಂಗ್ನಮ್ ಸ್ಟೈಲ್’ ಯೂಟ್ಯೂಬಿನಲ್ಲಿ ನೂರು ಕೋಟಿ ಬಾರಿ ನೋಡಲ್ಪಟ್ಟ ಮೊದಲ ವಿಡಿಯೊ ಆಯಿತು. 2013ರ ಜೂನಿನಲ್ಲಿ ಬಿಟಿಎಸ್ ಎಂಬ ಏಳು ಜನರ ತಂಡ ಬಂತು. 2016ರಲ್ಲಿ ಬ್ಲ್ಯಾಕ್‌ಪಿಂಕ್ ಎಂಬ ನಾಲ್ವರು ಹುಡುಗಿಯರ ತಂಡ. 2020ರ ಫೆಬ್ರುವರಿಯಲ್ಲಿ ‘ಪ್ಯಾರಸೈಟ್’ ಎಂಬ ಕೊರಿಯನ್ ಚಿತ್ರ ಆಸ್ಕರ್‌ನ ಶ್ರೇಷ್ಠ ಚಿತ್ರ ಪ್ರಶಸ್ತಿ ಪಡೆಯಿತು. ಇಂಗ್ಲಿಷೇತರ ಭಾಷೆಯ ಚಿತ್ರಕ್ಕೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು.

ನಮ್ಮ ದೇಶಕ್ಕೆ ಇದು ಮೊದಲು ಬಂದದ್ದು ಈಶಾನ್ಯದ ಮೂಲಕ. ಮಣಿಪುರದಲ್ಲಿ 2000ದಲ್ಲಿ ಉಗ್ರಗಾಮಿ ಸಂಘಟನೆಯೊಂದು ಹಿಂದಿ ಚಿತ್ರಗಳನ್ನು ನಿಷೇಧಿಸಿದ ಬಳಿಕ ಜನರು ಕೇಬಲ್ಲಿನಲ್ಲಿ ಕಾಣುತ್ತಿದ್ದ ಕೊರಿಯದ ಕಾರ್ಯಕ್ರಮಗಳತ್ತ ಹೊರಳಿದರು. ಮುಂದೆ ದೂರದರ್ಶನವೂ ಕೊರಿಯದ ಐತಿಹಾಸಿಕ ಧಾರಾವಾಹಿಗಳನ್ನು ಹಿಂದಿಯಲ್ಲಿ ತೋರಿಸಿತು. ಮಹಾಮಾರಿಯ ಕಾಲದಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಾಗ, ಪಾಠದ ಹಿಂದೆಯೇ ಈ ಹಾಡುಗಳೂ ಹಳ್ಳಿಯ ಮನೆ ಹೊಕ್ಕವು.

ಹೊರಗಿನಿಂದ ನೋಡುವವರಿಗೆ ಇದೆಲ್ಲ ಬಣ್ಣದ ಕೂದಲು, ವೇಗದ ಕುಣಿತ. ಒಳಗಿನ ಸರಕು ಬೇರೆಯೇ ಇದೆ. ಆ ಸರಕಿನಲ್ಲಿ ದೊಡ್ಡ ಪಾಲು ಕೊರಿಯದ ಅಜ್ಜಿಯರು ಹೇಳುತ್ತಿದ್ದ ಕಥೆಗಳದು. 2016ರ ಡಿಸೆಂಬರಿನಲ್ಲಿ ಆರಂಭವಾದ ‘ಗಾರ್ಡಿಯನ್’ ಎಂಬ ಧಾರಾವಾಹಿಯ ನಾಯಕ ಒಬ್ಬ ದೊಕ್ಕೆಬಿ. ದೊಕ್ಕೆಬಿ ಎಂದರೆ ಜನಪದರು ನಂಬಿದ ಒಂದು ಬಗೆಯ ಭೂತ. ಎಸೆದ ಹಳೆಯ ಪೊರಕೆಯಂಥ ವಸ್ತುಗಳಿಗೆ ಜೀವ ಬಂದು ಹುಟ್ಟುವಂಥದು. ಅದರ ಕೈಯಲ್ಲಿ ಬೇಡಿದ್ದನ್ನು ಕೊಡುವ ದೊಣ್ಣೆ, ತಲೆಯ ಮೇಲೆ ಕಾಣದಂತೆ ಮಾಡುವ ಟೊಪ್ಪಿಗೆ. ದಾರಿಹೋಕರನ್ನು ನಿಲ್ಲಿಸಿ ಕುಸ್ತಿಗೆ ಕರೆಯುವುದು ಅದರ ಚಾಳಿ. ಕುಸ್ತಿಯ ಊರಾದ ಸಾಂಗಲಿಯ ಮಕ್ಕಳಿಗೆ ಇದು ಹಿಡಿಸದೆ ಇದ್ದೀತೆ? ಹಾಗೆಯೇ ಗುಮಿಹೊ ಎಂಬ ಒಂಬತ್ತು ಬಾಲದ ನರಿ ಹೆಣ್ಣಿನ ರೂಪ ತಾಳಿ ಬರುತ್ತದೆ. ಆ ಕಥೆಯ ಮೇಲೂ ಹಲವು ಧಾರಾವಾಹಿಗಳು ಬಂದಿವೆ.

2025ರ ಜೂನ್ 20ರಂದು ನೆಟ್‌ಫ್ಲಿಕ್ಸಿನಲ್ಲಿ ಬಂದ ‘ಕೆಪಾಪ್ ಡೀಮನ್ ಹಂಟರ್ಸ್’ ಎಂಬ ಅನಿಮೇಷನ್ ಚಿತ್ರವನ್ನು ಇಲ್ಲಿನ ಅನೇಕ ಮಕ್ಕಳು ನೋಡಿದ್ದಾರೆ. ಮೂವರು ಗಾಯಕಿಯರು ಹಾಡಿನ ಬಲದಿಂದ ಲೋಕವನ್ನು ದೆವ್ವಗಳಿಂದ ಕಾಯುತ್ತಾರೆ ಎಂಬುದು ಕಥೆ. ಅವರ ವಿರುದ್ಧ ನಿಂತ ಹುಡುಗರ ತಂಡದ ಹೆಸರಿನಲ್ಲಿ ‘ಸಾಜಾ’ ಎಂಬ ಮಾತಿದೆ. ಅದಕ್ಕೆ ಕೊರಿಯನ್ ಭಾಷೆಯಲ್ಲಿ ಸಿಂಹವೆಂದೂ ಅರ್ಥ, ಪ್ರಾಣ ಒಯ್ಯಲು ಬರುವ ಯಮದೂತನೆಂದೂ ಅರ್ಥ. ಕಪ್ಪು ನಿಲುವಂಗಿ, ಅಗಲ ಅಂಚಿನ ಕಪ್ಪು ಟೊಪ್ಪಿಗೆಯ ಆ ವೇಷ ಕೊರಿಯನ್ನರು ತೆರೆಯ ಮೇಲೆ ನೋಡುತ್ತ ಬಂದ ಯಮದೂತನದೇ. ಚಿತ್ರದಲ್ಲಿ ಬರುವ ನಗೆಮೊಗದ ಹುಲಿ ಮತ್ತು ಹಕ್ಕಿಯ ಜೋಡಿ ಕೊರಿಯದ ಜನಪದ ಚಿತ್ರಕಲೆಯ ಹಳೆಯ ಜೋಡಿ. ಆ ಚಿತ್ರವನ್ನು ನಿರ್ಮಿಸಿದ್ದು ಅಮೆರಿಕದ ಸಂಸ್ಥೆ. ಅಜ್ಜಿಯ ಕಥೆಯನ್ನು ಬಿಡದೆ ಹೇಳುತ್ತ ಬಂದರೆ ಒಂದು ದಿನ ಪರದೇಶದ ಬಂಡವಾಳವೂ ಅದನ್ನು ಹುಡುಕಿಕೊಂಡು ಬರುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೊರಿಯದಲ್ಲಿ ಪನ್ಸೊರಿ ಎಂಬ ಹಳೆಯ ಕಥನಗಾಯನವಿದೆ. ನಿಂತು ಹಾಡಿ ಕಥೆ ಹೇಳುವವರು ಒಬ್ಬರು, ಕುಳಿತು ಡೋಲು ಬಾರಿಸುವವರು ಒಬ್ಬರು. ಡೋಲಿನವನು ನಡುನಡುವೆ ಭಲೆ ಭಲೆ ಎಂಬಂತೆ ಕೂಗಿ ಹುರಿದುಂಬಿಸುತ್ತಾನೆ. ನಮ್ಮ ಕೀರ್ತನಕಾರರನ್ನೂ ಡೊಳ್ಳಿನ ಮೇಳವನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪನ್ಸೊರಿಯಲ್ಲಿ ಈಗ ಉಳಿದಿರುವ ಪರಂಪರಾಗತ ಕಥೆಗಳು ಐದು. ಅವುಗಳಲ್ಲಿ ಒಂದು ‘ಸುಗುಂಗ್‌ಗ’.

ಅದರ ಕಥೆ ಹೀಗಿದೆ. ಸಮುದ್ರದ ತಳದ ನಾಗರಾಜನಿಗೆ ಕಾಯಿಲೆ. ಮೊಲದ ಯಕೃತ್ತು ತಿಂದರೆ ಮಾತ್ರ ಗುಣ. ಆಮೆ ನೆಲಕ್ಕೆ ಹೋಗಿ ಮೊಲವನ್ನು ಪುಸಲಾಯಿಸಿ ಕರೆತರುತ್ತದೆ. ಅರಮನೆಗೆ ಬಂದ ಮೇಲೆ ಸಂಗತಿ ತಿಳಿದ ಮೊಲ, ‘ಅಯ್ಯೋ, ಅದನ್ನು ಮನೆಯಲ್ಲೇ ಬಿಟ್ಟು ಬಂದೆನಲ್ಲ, ಮೊದಲೇ ಹೇಳಬಾರದಿತ್ತೆ’ ಎನ್ನುತ್ತದೆ. ಆಮೆ ಅದನ್ನು ಮತ್ತೆ ದಡಕ್ಕೆ ತಂದು ಬಿಡುತ್ತದೆ. ಮೊಲ ಜಿಗಿದು ಓಡುತ್ತದೆ. ಸಭೆಯಲ್ಲಿ ಅನೇಕರು ನಗುತ್ತಿದ್ದೀರಿ. ಇದು ನಾವೆಲ್ಲ ಬಾಲ್ಯದಲ್ಲಿ ಕೇಳಿದ ಕೋತಿ ಮತ್ತು ಮೊಸಳೆಯ ಕಥೆಯೇ ತಾನೆ! ಪಂಚತಂತ್ರದಲ್ಲಿಯೂ ಬೌದ್ಧರ ಜಾತಕಗಳಲ್ಲಿಯೂ ಇರುವ ಈ ಕಥೆ ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಕೊರಿಯಕ್ಕೆ ಹೋಯಿತೆಂದು ವಿದ್ವಾಂಸರು ಹೇಳುತ್ತಾರೆ. 1145ರಲ್ಲಿ ರಚಿತವಾದ ಕೊರಿಯದ ಇತಿಹಾಸ ಗ್ರಂಥದಲ್ಲೇ ಮೊಲ-ಆಮೆಯ ಈ ಕಥೆ ಬರುತ್ತದೆ. ಅದಕ್ಕೂ ನೂರು ವರ್ಷ ಮೊದಲು ಇತ್ತ ಚಾಲುಕ್ಯರ ಕಾಲದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದ. ನಮ್ಮ ಕೋತಿ ಅಲ್ಲಿ ಮೊಲವಾಯಿತು, ಮೊಸಳೆ ಆಮೆಯಾಯಿತು. ಜಾಣತನ ಮಾತ್ರ ಹಾಗೇ ಉಳಿಯಿತು.

ಕೊರಿಯನ್ನರು ಅದಕ್ಕೆ ತಮ್ಮದೇ ಒಂದು ಸೊಗಸನ್ನು ಸೇರಿಸಿದರು. ಬಹುದೂರ ಈಜಿ ದಡ ಸೇರಿದ ಆಮೆಯ ದವಡೆ ಸೆಟೆದುಕೊಂಡಿರುತ್ತದೆ. ‘ತೊ’ ಎಂದರೆ ಮೊಲ, ‘ಹೊ’ ಎಂದರೆ ಹುಲಿ. ಮೊಲರಾಯರೇ ಎಂದು ಕರೆಯಲು ಹೋಗಿ ಆಮೆ ಬಾಯಿ ತಪ್ಪಿ ಹುಲಿರಾಯರೇ ಎಂದು ಕರೆದುಬಿಡುತ್ತದೆ. ತನ್ನನ್ನು ಇಷ್ಟು ಮರ್ಯಾದೆಯಿಂದ ಕರೆದವರು ಯಾರೆಂದು ಬೆಟ್ಟದಿಂದ ಹುಲಿ ಇಳಿದುಬರುತ್ತದೆ! ಒಂದು ಅಕ್ಷರ ತಪ್ಪಿದರೆ ಮೊಲದ ಬದಲು ಹುಲಿ ಬರುತ್ತದೆ. ಶುದ್ಧ ಉಚ್ಚಾರಣೆಯ ಪಾಠಕ್ಕೆ ನಮ್ಮ ಗುರುಗಳು ಇದಕ್ಕಿಂತ ಒಳ್ಳೆಯ ಕಥೆಯನ್ನು ಹುಡುಕಬೇಕಿಲ್ಲ. ಹುಲಿ ಇಳಿದುಬರುವ ಈ ಭಾಗವನ್ನೇ ಲೀನಾಲ್ಚಿ ಎಂಬ ತಂಡ ಇಂದಿನ ವಾದ್ಯಗಳೊಂದಿಗೆ ಹಾಡಿತು. 2020ರಲ್ಲಿ ಕೊರಿಯದ ಪ್ರವಾಸೋದ್ಯಮ ಸಂಸ್ಥೆ ತನ್ನ ಪ್ರಚಾರದ ವಿಡಿಯೊಗಳಲ್ಲಿ ಅದನ್ನು ಬಳಸಿತು; ಜಗತ್ತೇ ನೋಡಿತು. ಹಳೆಯ ಪದ್ಧತಿಯ ಕಂಠ, ಹಳೆಯ ಕಥೆ, ಹೊಸ ತಾಳ. ಅದೇ ವರ್ಷ ಬಿಟಿಎಸ್ ತಂಡದ ಶುಗಾ ಎಂಬವನು ಅರಸರ ಕಾಲದ ಮೆರವಣಿಗೆಯ ವಾದ್ಯಸಂಗೀತವನ್ನು ತನ್ನ ಹಾಡಿನ ಅಡಿಪಾಯವಾಗಿಸಿಕೊಂಡ.

ಇನ್ನು ಭಾಷೆಯ ಮಾತು. ಕೊರಿಯನ್ನರು ಶತಮಾನಗಳ ಕಾಲ ಚೀನೀ ಲಿಪಿಯಲ್ಲಿ ಬರೆಯುತ್ತಿದ್ದರು. ಸಾಮಾನ್ಯ ಜನರಿಗೆ ಆ ಸಾವಿರಾರು ಅಕ್ಷರ ಕಲಿಯುವ ಶಕ್ತಿಯಿಲ್ಲವೆಂದು ಮನಗಂಡ ಸೆಜೊಂಗ್ ಎಂಬ ಅರಸ 1443ರಲ್ಲಿ ಹೊಸ ಲಿಪಿಯನ್ನು ರೂಪಿಸಿ 1446ರಲ್ಲಿ ಪ್ರಕಟಿಸಿದ. ಅದೇ ಇಂದಿನ ಹಂಗುಲ್. ಅದರ ಮೂಲ ವ್ಯಂಜನಗಳ ಆಕಾರ ಆ ಧ್ವನಿ ಹೊರಡುವಾಗಿನ ನಾಲಿಗೆ, ತುಟಿ, ಗಂಟಲುಗಳ ಆಕಾರವನ್ನು ಅನುಸರಿಸಿದೆ. ಕವರ್ಗ ಗಂಟಲಿನದು, ಪವರ್ಗ ತುಟಿಯದು ಎಂದು ನಾವು ವರ್ಣಮಾಲೆಯಲ್ಲಿ ಕಲಿತ ತತ್ವವನ್ನು ಅವರು ಅಕ್ಷರದ ರೂಪದಲ್ಲೇ ಬರೆದಿಟ್ಟರು. ಬಿಡಿ ಅಕ್ಷರಗಳು ಒಂದೇ ಚೌಕದಲ್ಲಿ ಕೂಡಿಕೊಳ್ಳುವ ಅವರ ಪದ್ಧತಿ ನಮ್ಮ ಕಾಗುಣಿತ-ಒತ್ತಕ್ಷರ ಬಲ್ಲ ಮಗುವಿಗೆ ಹೊಸದೇನಲ್ಲ. ಅಂದಿನ ಪಂಡಿತವರ್ಗ ಈ ಲಿಪಿಯನ್ನು ವಿರೋಧಿಸಿತು. ಬಹುಕಾಲ ಅದು ಕೀಳೆಂದೇ ಎಣಿಸಲ್ಪಟ್ಟಿತ್ತು. ಇಂದು ಅಕ್ಟೋಬರ್ 9 ಅಲ್ಲಿ ಅಕ್ಷರದ ಹಬ್ಬ, ರಾಷ್ಟ್ರೀಯ ರಜೆ.

1910ರಿಂದ 1945ರವರೆಗೆ ಕೊರಿಯ ಜಪಾನಿನ ಆಳ್ವಿಕೆಯಲ್ಲಿತ್ತು. 1930ರ ದಶಕದ ಕೊನೆಯಿಂದ ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಹೊರಹಾಕುತ್ತ ಬಂದರು. ಆ ಭಾಷೆಗೊಂದು ನಿಘಂಟು ರಚಿಸುತ್ತಿದ್ದ ವಿದ್ವಾಂಸರನ್ನು 1942ರಲ್ಲಿ ಬಂಧಿಸಿದರು; ಇಬ್ಬರು ಸೆರೆಮನೆಯಲ್ಲೇ ತೀರಿಕೊಂಡರು; ಹಸ್ತಪ್ರತಿ ಪೊಲೀಸರ ವಶವಾಯಿತು. ಯುದ್ಧ ಮುಗಿದ ಬಳಿಕ, 1945ರ ಸೆಪ್ಟೆಂಬರಿನಲ್ಲಿ, ಸಿಯೋಲ್ ರೈಲ್ವೆ ನಿಲ್ದಾಣದ ಗೋದಾಮಿನಲ್ಲಿ ಆ ಹಸ್ತಪ್ರತಿಯ ಕಟ್ಟುಗಳು ಸಿಕ್ಕವು. ಅದನ್ನು ಆಧರಿಸಿ 1947ರಿಂದ 1957ರವರೆಗೆ ಆರು ಸಂಪುಟಗಳ ನಿಘಂಟು ಹೊರಬಂತು. ಮಕ್ಕಳು ಇಂದು ಗುನುಗುವ ಹಾಡಿನ ಹಿಂದೆ ಹೀಗೆ ಗೋದಾಮಿನಲ್ಲಿ ಬದುಕುಳಿದ ಪದಗಳಿವೆ. ನಮ್ಮ ಸ್ಥಿತಿ ಅದಲ್ಲ ಎಂಬುದನ್ನೂ ಕೃತಜ್ಞತೆಯಿಂದ ಹೇಳಬೇಕು. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚುಮಾಡಿ ಕೊಡುತ್ತದೆ. ನಮ್ಮ ಭಾಷೆಗೆ ಇಲ್ಲಿ ನಿಷೇಧವಿಲ್ಲ. ನಮ್ಮಲ್ಲೇ ಇರುವ ಸಂಕೋಚವಿದೆ.

ಮಕ್ಕಳು ಕೊರಿಯನ್ ಮಾತಿಗೆ ಬೇಗ ಒಗ್ಗಿಕೊಳ್ಳಲು ಕಾರಣವೂ ಇದೆ. ಅಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ಪದದ ಹಿಂದೆ ಅಂಟಿಕೊಳ್ಳುತ್ತದೆ. ಹಿರಿಯರೊಡನೆ ಒಂದು ಮಾತು, ಸರೀಕರೊಡನೆ ಇನ್ನೊಂದು. ಹೆಸರು ಹಿಡಿದು ಕರೆಯದೆ ಅಣ್ಣ, ಅಕ್ಕ ಎನ್ನುವ ರೂಢಿ ಅಲ್ಲಿಯೂ ಇದೆ. ಅಪ್ಪನಿಗೆ ಅಲ್ಲಿಯೂ ‘ಅಪ್ಪಾ’. ನಾನು ಎನ್ನಲು ‘ನಾ’. 1905ರಲ್ಲಿ ಹಲ್ಬರ್ಟ್ ಎಂಬ ಅಮೆರಿಕನ್ ಪಂಡಿತ ಕೊರಿಯನ್ ಭಾಷೆಯನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ ಒಂದು ಪುಸ್ತಕವನ್ನೇ ಬರೆದ. ಇಂದಿನ ಭಾಷಾವಿಜ್ಞಾನಿಗಳು ಆ ರಕ್ತಸಂಬಂಧವನ್ನು ಒಪ್ಪುವುದಿಲ್ಲ. ನಾವೂ ಹಿಗ್ಗಿ ಅದನ್ನು ಹೇಳಿಕೊಂಡು ತಿರುಗಬಾರದು. ಆದರೆ ಕೊರಿಯನ್ ವಾಕ್ಯದ ಜಾಡು ಇಂಗ್ಲಿಷಿಗಿಂತ ಕನ್ನಡಕ್ಕೆ ಹತ್ತಿರವೆಂಬುದು ನಿಜ. ಕನ್ನಡದಲ್ಲಿ ಗಟ್ಟಿಯಾಗಿ ನಿಂತ ಮಗುವಿಗೆ ಅದನ್ನು ಕಲಿಯುವುದು ಸುಲಭವಾದೀತು.

ಇಷ್ಟು ಹೊತ್ತು ಪರದೇಶದ ಮಾತಾಯಿತು. ಈಗ ನಮ್ಮ ಸಾಂಗಲಿಗೆ ಬರೋಣ. ಒಂದು ಭಾಷೆಯ ಜನಪ್ರಿಯ ಕಲೆ ಗಡಿ ದಾಟಿ ಬೇರೆ ಭಾಷೆಯ ಜನರನ್ನು ಮರುಳುಮಾಡುವುದು ಈ ಊರಿಗೆ ಹೊಸದಲ್ಲ. ಹಿಂದೊಮ್ಮೆ ಹಾಗೆ ಬಂದ ಅಲೆ ಕನ್ನಡದ್ದೇ ಆಗಿತ್ತು.

1842ರ ಸುಮಾರಿಗೆ ಉತ್ತರ ಕನ್ನಡದ ಕಡೆಯ ಭಾಗವತರ ಮೇಳವೊಂದು ಸಾಂಗಲಿಗೆ ಬಂತು. ಹೊನ್ನಾವರದ ಬಳಿಯ ಕರ್ಕಿಯ ಮೇಳವದು ಎಂದು ರಂಗಭೂಮಿಯ ಚರಿತ್ರಕಾರರು ಗುರುತಿಸುತ್ತಾರೆ. ಸಂಸ್ಥಾನದ ಅಧಿಪತಿ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ಆ ಯಕ್ಷಗಾನವನ್ನು ನೋಡಿ ಮೆಚ್ಚಿದರು. ಇಂಥದನ್ನು ನಮ್ಮ ಮರಾಠಿಯಲ್ಲೂ ಮಾಡಬಾರದೇಕೆ ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ ಪ್ರಯೋಗವಾಯಿತು. ಹಾಡಿ ಕಥೆ ನಡೆಸುವ ಸೂತ್ರಧಾರ, ನಗಿಸುವ ವಿದೂಷಕ, ಆರಂಭಕ್ಕೆ ಗಣಪತಿ-ಸರಸ್ವತಿಯರ ಪ್ರವೇಶ, ಅಬ್ಬರದ ರಾಕ್ಷಸ. ಈ ಕಟ್ಟಿನಲ್ಲಿ ಕನ್ನಡ ಬಯಲಾಟದ ಗುರುತು ಕಾಣುತ್ತದೆ, ನುಡಿ ಮರಾಠಿಯದು. ಇಂದಿಗೂ ಮಹಾರಾಷ್ಟ್ರ ಆ ದಿನವನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತದೆ. ಗಮನಿಸಬೇಕಾದದ್ದು ಇಷ್ಟು: ಕನ್ನಡದ ಆಟ ನೋಡಿ ಮರಾಠಿ ಅಳಿಯಲಿಲ್ಲ. ಆ ಆಟಕ್ಕೆ ಮರಾಠಿ ತನ್ನ ನುಡಿಯಲ್ಲಿ ಉತ್ತರ ಕೊಟ್ಟಿತು, ಅದರಿಂದಲೇ ಬೆಳೆಯಿತು.

ಮುಂದೆ ಅಲೆ ತಿರುಗಿತು. ಸಾಂಗಲಿಯ ಕಡೆಯ ಮರಾಠಿ ನಾಟಕ ಮಂಡಳಿಗಳು ಧಾರವಾಡ, ಗದಗ, ಹುಬ್ಬಳ್ಳಿಗಳಲ್ಲಿ ಡೇರೆ ಹಾಕಿದವು. ಕನ್ನಡ ಜನ ಮರಾಠಿ ಪದಗಳನ್ನು ಹಾಡತೊಡಗಿದರು. ಇಂದು ಕೊರಿಯದ ಹಾಡಿನ ಬಗ್ಗೆ ನಾವು ಆಡುವ ಮಾತನ್ನೇ ಅಂದಿನ ಹಿರಿಯರೂ ಆಡಿರಬೇಕು. ಆಗ ಗದುಗಿನಲ್ಲಿ ಶಿಕ್ಷಕರಾಗಿದ್ದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಆ ಮಂಡಳಿಗಳನ್ನು ಬೈಯುತ್ತ ಕೂಡಲಿಲ್ಲ. 1870ರ ದಶಕದಲ್ಲಿ ‘ಉಷಾಹರಣ’ ಬರೆದು, ಕನ್ನಡ ನಾಟಕ ಮಂಡಳಿ ಕಟ್ಟಿ ಆಡಿಸಿದರು. ಉತ್ತರ ಕರ್ನಾಟಕದ ವೃತ್ತಿರಂಗಭೂಮಿ ಅಲ್ಲಿಂದ ಹೊರಟಿತು. ಒಬ್ಬ ಕನ್ನಡ ಶಾಲಾ ಮಾಸ್ತರರು ಕೊಟ್ಟ ಉತ್ತರ ಅದು. ಈ ಸಭೆಯಲ್ಲಿ ಅದನ್ನು ಒತ್ತಿ ಹೇಳಬೇಕು.

ಕೊಡುಕೊಳ್ಳುವಿಕೆ ಅಲ್ಲಿಗೂ ನಿಲ್ಲಲಿಲ್ಲ. 1880ರಲ್ಲಿ ‘ಸಂಗೀತ ಶಾಕುಂತಲ’ದ ಮೂಲಕ ಮರಾಠಿ ಸಂಗೀತ ನಾಟಕಕ್ಕೆ ಹೊಸ ಯುಗ ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ನಾಟ್ಯಗೀತೆಗಳ ಎಷ್ಟೋ ಮಟ್ಟುಗಳು ಕನ್ನಡ ಹಾಡುಗಳಿಂದ ಹೋದವು. ಆ ಶಾಕುಂತಲದ ಪಾತ್ರದಲ್ಲೇ ಬಾಲಗಂಧರ್ವರು 1905ರಲ್ಲಿ ಮಿರಜದಲ್ಲಿ ರಂಗವೇರಿದರು. ಮಿರಜದಲ್ಲಿ ನೆಲೆಸಿದ ಉಸ್ತಾದ್ ಅಬ್ದುಲ್ ಕರೀಂ ಖಾನರು ಉತ್ತರದ ಕೈರಾನದವರು. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕೇಳಿ, ತ್ಯಾಗರಾಜರ ಕೃತಿಯನ್ನೂ ಧ್ವನಿಮುದ್ರಿಸಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಮಿರಜದ ಮೀರಾಸಾಹೇಬರ ದರ್ಗಾದಲ್ಲಿ ಖಾನಸಾಹೇಬರ ಸಮಾಧಿಯ ಬಳಿ ಇಂದಿಗೂ ವರ್ಷಕ್ಕೊಮ್ಮೆ ಸಂಗೀತಸೇವೆ ನಡೆಯುತ್ತದೆ. ಆಯುಧ ಮಾಡುತ್ತಿದ್ದ ಮನೆತನದವರು ತಂಬೂರಿ-ಸಿತಾರ್ ಮಾಡತೊಡಗಿ ಹೆಸರುವಾಸಿಯಾದ ಊರು ಮಿರಜ. 2024ರಲ್ಲಿ ಆ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇಂಥ ಊರಿನ ನೆರಳಿನಲ್ಲಿ ಬೆಳೆಯುವ ಮಕ್ಕಳು ದೂರದ ಸ್ವರಕ್ಕೆ ಕಿವಿಗೊಟ್ಟರೆ ಅದರಲ್ಲಿ ಅಪರಾಧವೇನಿದೆ?

ಹಾಗೆಂದು ಕೊರಿಯದಿಂದ ಬಂದದ್ದೆಲ್ಲ ಹೊನ್ನಲ್ಲ. ಆ ತಂಡಗಳ ಮಕ್ಕಳು ಎಳೆಯ ವಯಸ್ಸಿನಲ್ಲೇ ಕಂಪನಿಗಳ ಕೈಗೆ ಬಂದು ವರ್ಷಗಟ್ಟಲೆ ತಾಲೀಮು ಮಾಡುತ್ತಾರೆ. ಅನೇಕರಿಗೆ ವೇದಿಕೆಯೇ ಸಿಗುವುದಿಲ್ಲ. ದೀರ್ಘ ಒಪ್ಪಂದಗಳ ಬಗ್ಗೆ ವ್ಯಾಜ್ಯವೆದ್ದ ಮೇಲೆ, 2009ರಲ್ಲಿ ಅಲ್ಲಿನ ಸರ್ಕಾರಿ ಆಯೋಗ ಏಳು ವರ್ಷದ ಮಿತಿಯ ಮಾದರಿ ಒಪ್ಪಂದವನ್ನು ತರಬೇಕಾಯಿತು. ದೇಹ ಹೀಗೇ ಇರಬೇಕು, ಚರ್ಮ ಬೆಳ್ಳಗಿರಬೇಕು ಎಂಬ ಹಟವೂ ಆ ಲೋಕದಲ್ಲಿದೆ. ನಮ್ಮ ಹೆಣ್ಣುಮಕ್ಕಳ ಮನಸ್ಸಿಗೆ ಅದು ಒಳ್ಳೆಯದಲ್ಲ. ಆ ಅಲೆಯ ಹಿಂದೆ ಸರ್ಕಾರದ ಬೆಂಬಲವೂ ಇದೆ; 1997ರ ಆರ್ಥಿಕ ಕುಸಿತದ ತರುವಾಯ, 1999ರಲ್ಲಿ ಸಾಂಸ್ಕೃತಿಕ ಉದ್ಯಮಗಳ ಉತ್ತೇಜನಕ್ಕೆ ಅಲ್ಲಿ ಕಾನೂನೇ ಆಯಿತು. ಅಮೆರಿಕದ ಪಟ್ಟಿಯಲ್ಲಿ ಬಿಟಿಎಸ್ ಮೊದಲು ಅಗ್ರಸ್ಥಾನ ಪಡೆದದ್ದು ಇಂಗ್ಲಿಷ್ ಹಾಡಿನಿಂದ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಆದರೆ ಅದೇ 2020ರ ಕೊನೆಗೆ ಅವರ ಇನ್ನೊಂದು ಹಾಡು, ಬಹುಪಾಲು ಕೊರಿಯನ್ ಭಾಷೆಯಲ್ಲೇ ಇದ್ದದ್ದು, ಅದೇ ಸ್ಥಾನಕ್ಕೆ ಬಂತು. ಕೇಳುಗರಿಗೆ ಭಾಷೆ ಅಡ್ಡಿಯಾಗಲಿಲ್ಲ.

ನಮ್ಮಲ್ಲಿ ಅಂಥ ಸರಕಿಲ್ಲವೆ? ಇದೆ. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ನರು ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಹೂವಿನ ಗಿಡವಾಗುವ ಹುಡುಗಿಯ ಕಥೆಯೊಂದಿದೆ. ಅದೇ ಕಥೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಚಿತ್ರವಾಗಿಸಿದರು. 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಕಾರ ಅದನ್ನು ಅಪೆರಾ ಮಾಡಿ ವಿಯೆನ್ನಾ ನಗರದಲ್ಲಿ ಪ್ರದರ್ಶಿಸಿದ. ರಾಮಾನುಜನ್ನರಿಂದ ಕೇಳಿದ ಕಥೆಗಳಿಂದಲೇ ಕಾರ್ನಾಡರ ‘ನಾಗಮಂಡಲ’ ಹುಟ್ಟಿತು. ಕರಾವಳಿಯ ದೈವಾರಾಧನೆಯನ್ನು ಆಧರಿಸಿದ ‘ಕಾಂತಾರ’ 2022ರಲ್ಲಿ ಭಾರತದ ನಾನಾ ಭಾಷೆಗಳಲ್ಲಿ ಓಡಿತು. ಕನ್ನಡದ ಅಜ್ಜಿಯ ಕಥೆ ವಿಯೆನ್ನಾ ತಲುಪಬಲ್ಲದು. ಆದರೆ ಅದನ್ನು ಮೊದಲು ಯಾರೋ ಕುಳಿತು ಕೇಳಿ ಬರೆದುಕೊಂಡಿರಬೇಕು.

ನಮ್ಮ ಚಿಂತೆ ಇಲ್ಲಿದೆ. ಜತ್ತ, ಮಿರಜ, ಕವಠೆ ಮಹಾಂಕಾಳ ತಾಲೂಕುಗಳ ಹಳ್ಳಿಗಳಲ್ಲಿ ಆಡುವ ಕನ್ನಡ ಬೆಂಗಳೂರಿನ ಕನ್ನಡವಲ್ಲ, ಮರಾಠಿಯ ಸೊಗಡು ಕೂಡಿದ ಬೇರೊಂದು ಬನಿ. ಆ ಬನಿಯಲ್ಲಿ ಗುಡ್ಡಾಪುರದ ದಾನಮ್ಮನ ಮಹಿಮೆಯಿದೆ, ಆರೇವಾಡಿ ಬಿರೋಬನ ಡೊಳ್ಳಿನ ಹಾಡಿದೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವವರ ಪದವಿದೆ, ಹರದೇಶಿ-ನಾಗೇಶಿಯವರ ಸವಾಲು-ಜವಾಬಿದೆ, ಮದುವೆಯಲ್ಲಿ ಗಂಡನ ಹೆಸರಿಗೆ ಹೇಳುವ ಒಡಪಿದೆ. ಇವೆಲ್ಲ ಹೆಚ್ಚಾಗಿ ಉಳಿದಿರುವುದು ಆಯಿ-ಮುತ್ಯಾರ ಬಾಯಲ್ಲಿ. ಕೊರಿಯನ್ನರ ಹಸ್ತಪ್ರತಿ ಗೋದಾಮಿನಲ್ಲಿ ಸಿಕ್ಕಿತು, ಏಕೆಂದರೆ ಅದು ಕಾಗದದ ಮೇಲಿತ್ತು. ನಮ್ಮ ಆಯಿ ತೀರಿಕೊಂಡರೆ ಯಾವ ಗೋದಾಮಿನಲ್ಲಿ ಹುಡುಕೋಣ?

ಆದ್ದರಿಂದ ಶಾಲೆಯ ಎರಡನೆಯ ಶತಮಾನಕ್ಕೆ ಮೂರು ಕೆಲಸಗಳನ್ನು ಸಭೆಯ ಮುಂದಿಡುತ್ತೇವೆ. ಮೊದಲನೆಯದು ಮಕ್ಕಳಿಗೆ. ಹಾಡು ಕೇಳುವ ಅದೇ ಮೊಬೈಲಿನಲ್ಲಿ ಪ್ರತಿಯೊಬ್ಬರೂ ಮನೆಯ ಹಿರಿಯರಿಂದ ಒಂದು ಕಥೆಯನ್ನು ಧ್ವನಿಮುದ್ರಿಸಿ, ಕೇಳಿಸಿಕೊಂಡಂತೆಯೇ, ಮನೆಯ ಮಾತಿನಲ್ಲೇ, ವಹಿಯಲ್ಲಿ ಬರೆಯಲಿ. ಹೇಳಿದವರ ಹೆಸರು, ಊರು, ತಾರೀಖು ಇರಲಿ. ಒತ್ತಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಎರಡನೆಯದು ಗುರುಗಳಿಗೆ. ವರ್ಷದ ಸ್ನೇಹಸಮ್ಮೇಳನದಲ್ಲಿ, ನಾವೆಲ್ಲ ಗ್ಯಾದರಿಂಗ ಎನ್ನುವ ಆ ಸಮಾರಂಭದಲ್ಲಿ, ಮಕ್ಕಳು ಕೊರಿಯದ ಹಾಡಿಗೆ ಕುಣಿಯಲಿ, ತಡೆಯಬೇಡಿ; ಆದರೆ ಅದೇ ತಂಡ ಆ ವಹಿಯ ಒಂದು ಕಥೆಯನ್ನೂ ತನಗೆ ಇಷ್ಟವಾದ ತಾಳದಲ್ಲಿ ಆಡಿ ತೋರಿಸಲಿ. ಡೊಳ್ಳಿಗೆ ಗಿಟಾರು ಕೂಡಿದರೆ ಹಿರಿಯರು ಮುಖ ಸಿಂಡರಿಸಬಾರದು. ಭಾವೆಯವರ ಕಾಲದಲ್ಲಿಯೂ ಹೀಗೆಯೇ ಹೊಸದು ಹುಟ್ಟಿತು. ಮೂರನೆಯದು ಹಳೆಯ ವಿದ್ಯಾರ್ಥಿಗಳಿಗೆ. ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ನೆಲೆಸಿದ ತಾವು ಕಟ್ಟಡದ ಕಲ್ಲಿಗೆ ಉದಾರವಾಗಿ ಕೊಟ್ಟಿದ್ದೀರಿ. ಆ ವಹಿಗಳು ಕಪಾಟಿನಲ್ಲಿ ಗೆದ್ದಲು ಹಿಡಿಯದಂತೆ, ಮೂರು ವರ್ಷಕ್ಕೊಮ್ಮೆ ಒಂದು ಪುಸ್ತಕವಾಗಿ ಬರುವಂತೆ ನೋಡಿಕೊಳ್ಳುವ ಹೊಣೆ ತಮ್ಮದಾಗಲಿ.

ಪಾಲಕರಿಗೆ ಒಂದು ಮಾತು. ಕನ್ನಡದಲ್ಲಿ ಓದಿದರೆ ಮಗು ಹೊರಗಿನ ಜಗತ್ತಿಗೆ ಹಿಂದೆ ಬೀಳುತ್ತದೆ ಎಂದು ತಮಗೆ ಅನ್ನಿಸಬಹುದು. ಮಗು ಮೆಚ್ಚಿರುವ ಹಾಡುಗಾರರನ್ನೇ ನೋ��ಿ. ಅವರಲ್ಲಿ ಹೆಚ್ಚಿನವರು ತಮ್ಮ ತಾಯಿಯ ಭಾಷೆಯ ಶಾಲೆಯಲ್ಲಿ ಕಲಿತು, ತಮ್ಮ ಅಜ್ಜಿಯ ಕಥೆಯನ್ನು ಹೊತ್ತು ಹೊರಗೆ ಹೋದವರು. ಇಂಗ್ಲಿಷು, ಮರಾಠಿ, ಹಿಂದಿ ಎಲ್ಲವನ್ನೂ ಮಗು ಕಲಿಯಲಿ. ಬೇಕಿದ್ದರೆ ಹಂಗುಲ್ ಲಿಪಿಯನ್ನೂ ಕಲಿಯಲಿ. ಆದರೆ ಹೊರಗಿನವರು ಒಂದು ದಿನ ‘ನಿನ್ನ ಊರಿನ ಕಥೆ ಹೇಳು’ ಎಂದಾಗ ಅದರ ಬಾಯಿ ಕಟ್ಟಬಾರದು. ಆ ದಿನಕ್ಕೆ ಮಗುವನ್ನು ಸಜ್ಜುಗೊಳಿಸುವ ಜಾಗ ಈ ಶಾಲೆ. ಬರುವ ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಹಾಜರಿಪಟ್ಟಿಯಲ್ಲಿ ಹೊಸ ಹೆಸರುಗಳು ತುಂಬಿರಲಿ ಎಂದು ಪ್ರಾರ್ಥಿಸುತ್ತೇವೆ.